ಮೂವತ್ತೆರಡು ಮಂದಿ ಬೇಕಿತ್ತು

ಅಪಾರ್ಟ್‌ಮೆಂಟಿನ ಮ್ಯಾನೇಜರ್ ಕೆಲಸಕ್ಕೆ ಸೇರಿದ ದಿನ ನಿಮ್ಮ ಕೈಗೆ ಎರಡು ವಸ್ತು ಕೊಡುತ್ತಾರೆ. ಒಂದು ಕೀಲಿಕೈಗಳ ಗೊಂಚಲು. ಇನ್ನೊಂದು ಬೈಲಾ, ಅಂದರೆ ಆ ಕಟ್ಟಡದಲ್ಲಿ ಹೇಗೆ ಇರಬೇಕು, ಏನು ಮಾಡಬಾರದು ಎಂದು ಮನೆ ಮಾಲೀಕರೇ ಕೂಡಿ ಬರೆದುಕೊಂಡ ನಿಯಮಗಳ ಪುಸ್ತಕ. ಯಾವ ಕೀಲಿ ಯಾವ ಬಾಗಿಲಿನದು ಎಂದು ತಿಳಿಯಲು ನನಗೆ ಒಂದು ವಾರ ಬೇಕಾಯಿತು. ಬೈಲಾ ಏನೆಂದು ತಿಳಿಯಲು ಹದಿನಾರು ವರ್ಷ ಹಿಡಿಯಿತು.

ಈಗ ಹುಬ್ಬಳ್ಳಿಗೂ ಧಾರವಾಡಕ್ಕೂ ನಡುವೆ ರಸ್ತೆಯ ಎರಡೂ ಬದಿಗೆ ಇಂಥ ಕಟ್ಟಡಗಳು ಏಳುತ್ತಿವೆ. ಈ ಕೆಲಸಕ್ಕೆ ಹೊಸಬರು ಬರುತ್ತಿದ್ದಾರೆ. ಪಂಪು, ಜನರೇಟರು, ಲಿಫ್ಟುಗಳ ವಿಷಯ ಅವರಿಗೆ ಹೇಳಿಕೊಡುವವರು ಬೇಕಾದಷ್ಟು ಮಂದಿ ಇದ್ದಾರೆ. ನಾನು ಹೇಳಬೇಕಾದದ್ದು ಸಭೆಯ ನಡಾವಳಿ ಪುಸ್ತಕದ ವಿಷಯ. ಅದನ್ನು ನಾನು ಹೇಗೆ ಬರೆಯುತ್ತಿದ್ದೆ, ಅದರಿಂದ ಏನಾಯಿತು ಎಂಬುದನ್ನು, ನೆನಪಿದ್ದಷ್ಟು ಸರಿಯಾಗಿ, ಒಂದರ ಮೇಲೊಂದು ಹೇಳುತ್ತೇನೆ.

ನಾನು ಚನ್ನಪ್ಪ, ಧಾರವಾಡದ ಹತ್ತಿರದ ಮುಗದ ಎಂಬ ಊರಿನವನು. ಮೊದಲು ಒಂದು ಹತ್ತಿ ಗೋದಾಮಿನಲ್ಲಿ ಗುಮಾಸ್ತನಾಗಿದ್ದೆ. ಅದು ಮುಚ್ಚಿದ ಮೇಲೆ ಹುಬ್ಬಳ್ಳಿಯ ಉಣಕಲ್ಲಿನ ಕಡೆ ಹೊಸದಾಗಿ ಎದ್ದ ನಲವತ್ತೆಂಟು ಮನೆಗಳ ಕಟ್ಟಡಕ್ಕೆ ಮ್ಯಾನೇಜರ್ ಆಗಿ ಬಂದೆ. ಆಗ ಅಲ್ಲಿ ಸಂಘದ ಅಧ್ಯಕ್ಷರಾಗಿದ್ದವರು ಇನಾಮದಾರ ಸರ್, ವಿದ್ಯಾನಗರದ ಒಂದು ಕಾಲೇಜಿನ ನಿವೃತ್ತ ಪ್ರಾಂಶುಪಾಲರು. ಕೊನೆಯವರೆಗೂ ಅವರೇ ಅಧ್ಯಕ್ಷರು, ಏಕೆಂದರೆ ಬೇರೆ ಯಾರೂ ಆ ಕುರ್ಚಿಗೆ ಬರಲಿಲ್ಲ. ಅವರು ಕೆಟ್ಟವರಲ್ಲ. ಕಾಗದದಲ್ಲಿ ಇದ್ದದ್ದು ಇದೆ, ಇಲ್ಲದ್ದು ಇಲ್ಲ ಎಂದು ನಂಬಿದವರು. ನಾನೂ ಹಾಗೇ ಇದ್ದೆ.

ನನ್ನ ಮೊದಲ ತಪ್ಪು ಸಂಡಿಗೆಯದು. ತಾರಸಿಯ ಮೇಲೆ ನೀರು ಸೋರದಂತೆ ಹೊಸ ಲೇಪ ಹಾಕಿದ್ದರು. ಅಲ್ಲಿ ಯಾರೂ ಏನನ್ನೂ ಒಣಗಿಸಬಾರದು ಎಂದು ಬೈಲಾದಲ್ಲಿ ಇತ್ತು. ಏಪ್ರಿಲ್ ತಿಂಗಳ ನಡುವೆ ನಾನು ತಾರಸಿಯ ಬಾಗಿಲಿಗೆ ಕೀಲಿ ಹಾಕಿ, ನೋಟಿಸು ಅಂಟಿಸಿ ಕೆಳಗೆ ಬಂದು ಕುಳಿತೆ. ಹತ್ತು ನಿಮಿಷದಲ್ಲಿ ಎರಡನೇ ಮಹಡಿಯ ಗಿರಿಜಕ್ಕ ನನ್ನ ಕೋಣೆಗೆ ಬಂದರು. ಹಸಿ ಸಂಡಿಗೆ ಇಟ್ಟ ಪ್ಲಾಸ್ಟಿಕ್ ಹಾಳೆಯನ್ನು ನನ್ನ ಮೇಜಿನ ಮೇಲೆ, ರಜಿಸ್ಟರುಗಳ ಮೇಲೆ ಹಾಸಿದರು. ಫ್ಯಾನ್ ಐದಕ್ಕೆ ಏರಿಸಿದರು.

"ಏನ್ ಮಾಡಾಕತ್ತೀರಿ ಅಕ್ಕಾರ?"

"ಬಿಸಲು ನಿಮ್ಮ ಬೈಲಾದಾಗ ಇಲ್ಲಂತಲ್ರಿ. ಗಾಳಿ ಐತೇನು ನೋಡೂಣಂತ."

ಮೂರು ದಿನ ಆ ಸಂಡಿಗೆ ನನ್ನ ಮೇಜಿನ ಮೇಲೆ ಒಣಗಿತು. ಬಂದವರೆಲ್ಲ ನಕ್ಕರು. ನಾಲ್ಕನೇ ದಿನ ನಾನು ಇನಾಮದಾರ ಸರ್ ಬಳಿ ಹೋಗಿ ಈ ನಿಯಮ ತೆಗೆಯಬೇಕು ಎಂದೆ. ಅದಕ್ಕೆ ಮಾಲೀಕರ ಸಭೆ ಆಗಬೇಕು, ಸಭೆಗೆ ಯಾರೂ ಬರುವುದಿಲ್ಲ ಎಂದರು ಅವರು. ಹಾಗಾದರೆ ನಾನೇ ಬರೆದುಕೊಂಡು ಸಹಿ ಹಾಕಿಸಿಕೊಂಡು ಬರಲೇ ಎಂದೆ. ಅವರು, "ನೋಡ್ರಿ, ಏನರ ಮಾಡ್ರಿ," ಎಂದರು.

ಅಲ್ಲಿಂದ ಶುರುವಾಯಿತು. ನಡಾವಳಿ ಪುಸ್ತಕದಲ್ಲಿ ನಾನು ಮೊದಲೇ ಬರೆಯುತ್ತಿದ್ದೆ: "ಈ ದಿನ ಸೇರಿದ ಸರ್ವ ಸದಸ್ಯರ ಸಭೆಯಲ್ಲಿ ಚರ್ಚಿಸಿ ಸರ್ವಾನುಮತದಿಂದ ತೀರ್ಮಾನಿಸಲಾಯಿತು." ಯಾರೂ ಸೇರಿರುತ್ತಿರಲಿಲ್ಲ. ಪುಸ್ತಕ ಹಿಡಿದು ಮನೆಯಿಂದ ಮನೆಗೆ ಹೋಗುತ್ತಿದ್ದೆ. ಸಹಿಯ ಜಾಗ ಮಾತ್ರ ಕಾಣುವಂತೆ ಪುಟ ಮಡಚಿ ರಬ್ಬರ್ ಬ್ಯಾಂಡ್ ಹಾಕಿರುತ್ತಿದ್ದೆ. ಮೋಸ ಮಾಡಲು ಅಲ್ಲ, ಅವರ ಸಮಯ ಉಳಿಸಲು. ಒಬ್ಬರು ದಾಡಿಯ ನೊರೆ ಹಚ್ಚಿಕೊಂಡೇ ಸಹಿ ಹಾಕುತ್ತಿದ್ದರು. ಒಬ್ಬರು ಒಗ್ಗರಣೆ ಸೌಟನ್ನು ಎಡಗೈಗೆ ಬದಲಿಸಿ ಹಾಕುತ್ತಿದ್ದರು. ಏನಿದು ಎಂದು ಕೇಳಿದರೆ "ಮಾಮೂಲಿ ಐತ್ರಿ" ಎನ್ನುತ್ತಿದ್ದೆ. ಮೊದಲ ಒಂದೆರಡು ವರ್ಷ ಕೇಳುತ್ತಿದ್ದರು. ಆಮೇಲೆ ಕೇಳುವುದನ್ನೂ ಬಿಟ್ಟರು. ಚನ್ನಪ್ಪನವರು ತಂದಿದ್ದಾರೆ ಎಂದರೆ ಮುಗಿಯಿತು. ನನಗೆ ಅದು ಹೆಮ್ಮೆಯ ವಿಷಯವಾಗಿತ್ತು. ಬೇರೆ ಕಟ್ಟಡಗಳ ಮ್ಯಾನೇಜರುಗಳು ನನ್ನಲ್ಲಿಗೆ ಬಂದು ಈ ಪದ್ಧತಿ ಕಲಿತು ಹೋದರು. ಅವರಿಗೂ ರಬ್ಬರ್ ಹಾಕುವುದನ್ನು ನಾನೇ ತೋರಿಸಿದೆ.

ಮುಂದೆ ಫೋನಿನಲ್ಲಿ ಗ್ರೂಪ್ ಬಂತು. ಸಭೆಯ ನೋಟಿಸು ಗೋಡೆಯಿಂದ ಗ್ರೂಪಿಗೆ ಹೋಯಿತು. ನೋಟಿಸು ಹಾಕಿದರೆ ಐದು ನಿಮಿಷದಲ್ಲಿ ಮೂವತ್ತು ಹೆಬ್ಬೆರಳಿನ ಗುರುತು ಬರುತ್ತಿದ್ದವು. ಹೆಬ್ಬೆರಳು ತೋರಿಸಿದವರು ಕೆಳಗೆ ಇಳಿದು ಬರುತ್ತಿರಲಿಲ್ಲ. ಪುಸ್ತಕ ಹಿಡಿದು ನಾನೇ ಮೇಲೆ ಹೋಗುತ್ತಿದ್ದೆ.

ಈಗ ಮಕ್ತುಮಸಾಬರ ವಿಷಯಕ್ಕೆ ಬರುತ್ತೇನೆ. ಅವರು ನಾಲ್ಕನೇ ಮಹಡಿಯವರು, ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿ ನಿವೃತ್ತರಾದವರು. ಹೆಂಡತಿ ತೀರಿಕೊಂಡಿದ್ದರು. ಮಗ ರಿಯಾಜ ಸ್ಕೂಟರ್ ರಿಪೇರಿ ಅಂಗಡಿ ಇಟ್ಟಿದ್ದ. ಮನೆ ಮಕ್ತುಮಸಾಬರ ಹೆಸರಿನಲ್ಲೇ ಇತ್ತು. ಬೆಳಿಗ್ಗೆ ಎಂಟಕ್ಕೆ ಒಂದು ಸ್ಟೂಲು ಹಿಡಿದು ಕೆಳಗೆ ಬಂದು, ವಾಹನ ನಿಲ್ಲಿಸುವ ಜಾಗದಲ್ಲಿ ಒಂದು ಕಂಬದ ಹತ್ತಿರ ಕೂಡುತ್ತಿದ್ದರು. ಕಟ್ಟಡದವರ ಮಿಕ್ಸರು, ಕುಕ್ಕರು, ಟೇಬಲ್ ಫ್ಯಾನು ಎಲ್ಲ ಅಲ್ಲಿಗೆ ಬರುತ್ತಿದ್ದವು. ಕೂಲಿ ಮುಟ್ಟುತ್ತಿರಲಿಲ್ಲ. ಚಹಾ ಮಾತ್ರ, ಅದೂ ಸಕ್ಕರೆ ಹೆಚ್ಚಿಗೆ. "ಡಿಪೋದಾಗ ನಲವತ್ತು ಮಂದಿ ನಡುವ ಕುಂತಾಂವ ನಾ. ಮನ್ಯಾಗ ಗ್ವಾಡಿ ನೋಡ್ಕೋತ ಕುಂದ್ರಾಕ ಆಗೂದಿಲ್ರಿ," ಎನ್ನುತ್ತಿದ್ದರು. ಸಾಮಾನ್ಯ ಜಾಗದಲ್ಲಿ ಕೆಲಸ ಮಾಡಬಾರದು ಎಂಬ ನಿಯಮ ಇತ್ತು. ಅದನ್ನು ಅವರಿಗೆ ಯಾರೂ ತೋರಿಸಲಿಲ್ಲ, ನಾನೂ ತೋರಿಸಲಿಲ್ಲ.

ಒಂದು ವರ್ಷ ಮಾರ್ಚಿನಲ್ಲಿ ಗಿರಿಜಕ್ಕನ ಮಾವ ತೀರಿಕೊಂಡರು. ಅವರಲ್ಲಿ ದೇಹವನ್ನು ಕೂಡಿಸಿ, ವಿಮಾನ, ಅಂದರೆ ಅಲಂಕರಿಸಿದ ಚಟ್ಟ, ಕಟ್ಟಿ ಒಯ್ಯುವ ಪದ್ಧತಿ. ಮನೆಯೊಳಗೆ ಜಾಗ ಸಾಲದೆ ಕೆಳಗೆ, ವಾಹನಗಳ ನಡುವೆ, ಹಿರಿಯರನ್ನು ಕೂಡಿಸಿದರು. ಭಜನೆಯವರು ಬಂದರು, ಊರಿನಿಂದ ಎರಡು ಟ್ರ್ಯಾಕ್ಟರ್ ಮಂದಿ ಬಂದರು. ಬೆಳಿಗ್ಗೆ ಏಳರಿಂದ ಹನ್ನೊಂದೂವರೆವರೆಗೆ ಯಾವ ಕಾರೂ ಹೊರಗೆ ಹೋಗಲಿಲ್ಲ. ಮೊದಲ ಮಹಡಿಯ ವಕೀಲರ ಮಗಳಿಗೆ ಆ ದಿನ ಪರೀಕ್ಷೆ. ಆಕೆ ಅಳುತ್ತ ರಸ್ತೆಗೆ ಓಡಿ ಆಟೋ ಹಿಡಿದಳು. ಕಾಲು ಗಂಟೆ ತಡವಾಗಿ ಮುಟ್ಟಿದಳು. ವಾರದ ನಂತರ ವಕೀಲರು ಇನಾಮದಾರ ಸರ್ ಅವರಿಗೆ ಒಂದು ಕಾಗದ ಕೊಟ್ಟರು. ಬೈಲಾಗೆ ಸೇರಿಸಬೇಕಾದ ಹೊಸ ನಿಯಮ ಅದರಲ್ಲಿತ್ತು: ಮೃತದೇಹವನ್ನು ಲಿಫ್ಟಿನಲ್ಲಿ ಒಯ್ಯುವಂತಿಲ್ಲ, ಕಟ್ಟಡದ ಯಾವುದೇ ಸಾಮಾನ್ಯ ಜಾಗದಲ್ಲಿ ಇರಿಸುವಂತಿಲ್ಲ, ವಿಧಿಗಳನ್ನು ನಡೆಸುವಂತಿಲ್ಲ. ಕೊನೆಯಲ್ಲಿ ಇನ್ನೊಂದು ಸಾಲು: ಈ ನಿಯಮವನ್ನು ಬದಲಿಸಲು ಒಟ್ಟು ಸದಸ್ಯರಲ್ಲಿ ಮೂರರಲ್ಲಿ ಎರಡು ಭಾಗ ಸ್ವತಃ ಹಾಜರಿರುವ ಸಭೆಯೇ ಆಗಬೇಕು. ಅಂದರೆ ಮೂವತ್ತೆರಡು ಮಂದಿ.

ನಾನು ಅದನ್ನು ಪುಸ್ತಕದಲ್ಲಿ ಬರೆದೆ. ಸರ್ವಾನುಮತದಿಂದ ಎಂದು ಬರೆದೆ. ರಬ್ಬರ್ ಹಾಕಿದೆ. ಆರು ದಿನ ಮನೆಮನೆಗೆ ಹೋದೆ. ಗಿರಿಜಕ್ಕನ ಮನೆಗೂ ಹೋದೆ. ಮಾವನ ಒಂಬತ್ತನೇ ದಿನದ ಅಡಿಗೆ ನಡೆದಿತ್ತು. ಅವರು ಬಾಗಿಲಲ್ಲೇ ನಿಂತು ಸಹಿ ಹಾಕಿದರು. ಯಾವುದಕ್ಕೆ ಸಹಿ ಹಾಕುತ್ತಿದ್ದಾರೆ ಎಂದು ನನಗೆ ಗೊತ್ತಿತ್ತು. ನಾನು ಹೇಳಲಿಲ್ಲ.

ಮಕ್ತುಮಸಾಬರು ಕೆಳಗೆ ಒಂದು ಮಿಕ್ಸರು ಬಿಚ್ಚಿಕೊಂಡು ಕುಳಿತಿದ್ದರು. ಕೈ ಒರೆಸಿಕೊಂಡು ಪೆನ್ನು ತೆಗೆದುಕೊಂಡರು.

"ಓದ್ಲೇನ್ರಿ?"

"ಮಾಮೂಲಿ ಐತ್ರಿ, ಸಾಬರ."

"ಹಂಗಾರ ಆತು ಬಿಡ್ರಿ."

ಇಷ್ಟೇ ನಡೆದದ್ದು. ಒಟ್ಟು ನಲವತ್ತೊಂದು ಸಹಿ ಆದವು. ನಿಯಮವನ್ನು ನೋಂದಣಿ ಕಚೇರಿಗೆ ಸಲ್ಲಿಸಿ, ಮುದ್ರೆ ಹಾಕಿಸಿಕೊಂಡು ಬಂದೆ.

ಮರುವರ್ಷ ಮೂರನೇ ಮಹಡಿಯ ಒಬ್ಬ ಅಜ್ಜಿ ಆಸ್ಪತ್ರೆಯಲ್ಲಿ ತೀರಿಕೊಂಡರು. ಮನೆಯವರು ನನ್ನನ್ನು ಕೇಳಿದರು. ನಾನು ನಿಯಮ ಹೇಳಿದೆ. ಅವರು ಆಸ್ಪತ್ರೆಯಿಂದ ನೇರವಾಗಿ ಸ್ಮಶಾನಕ್ಕೆ ಹೋದರು. ಕಟ್ಟಡದಲ್ಲಿ ಯಾರೂ ಅವರ ಮುಖ ನೋಡಲಿಲ್ಲ. ಸಂಜೆ ಗಿರಿಜಕ್ಕ ನನ್ನ ಕೋಣೆಗೆ ಬಂದು, "ಅಜ್ಜಿನ ಯಾಕ ತರಲಿಲ್ರಿ?" ಎಂದು ಕೇಳಿದರು. ಪುಸ್ತಕ ತೆರೆದು ಅವರ ಸಹಿ ತೋರಿಸಿದೆ. ಅವರು ಅದನ್ನು ಬಹಳ ಹೊತ್ತು ನೋಡಿದರು. "ಇದು ನಂದ ಹೌದು," ಎಂದರು. ಅಂದು ಅವರು ಏನಾದರೂ ಬೈದಿದ್ದರೆ ಚೆನ್ನಾಗಿತ್ತು.

ಆಮೇಲೆ ಮಕ್ತುಮಸಾಬರು ಬಿದ್ದರು. ಶ್ವಾಸಕೋಶ ಹೋಗಿತ್ತು. ಡಿಪೋದ ಹೊಗೆ, ಬೀಡಿ, ಎರಡೂ. ಒಂದು ತಿಂಗಳು ಆಸ್ಪತ್ರೆಯಲ್ಲಿಟ್ಟು, ಇನ್ನು ಮನೆಯಲ್ಲೇ ಇರಲಿ ಎಂದು ವೈದ್ಯರು ಕಳಿಸಿದರು. ನಾನು ನೋಡಲು ಹೋದೆ. ಆಮ್ಲಜನಕದ ಕೊಳವೆ ಹಾಕಿಕೊಂಡು ದಿಂಬಿಗೆ ಒರಗಿದ್ದರು. ರಿಯಾಜ ಪಕ್ಕದಲ್ಲಿದ್ದ.

"ಚನ್ನಪ್ಪನವರ, ಒಂದ್ ಮಾತ್ ಕೇಳ್ತೀನಿ. ನನ್ನ ಕೆಳಗ ಹ್ಯಾಂಗ ಒಯ್ತೀರಿ?"

"ಅಬ್ಬಾ, ಅದೇನ ಮಾತು ಈಗ," ಎಂದು ರಿಯಾಜ ತಂದೆಯನ್ನು ತಡೆದ.

"ಸುಮ್ನಿರಪಾ. ಲಿಫ್ಟ್ ಇಲ್ಲ ಅಂತಾರ. ಈ ಮೆಟ್ಟಲದಾಗ ಜನಾಜಾದ ಮಂಚ ತಿರಗೂದಿಲ್ಲ. ನಾ ಅಳತಿ ಮಾಡೇನಿ. ಕೆಳಗ ಅರ್ಧಾ ತಾಸು ಇಟ್ರ ಸಾಕ್ರಿ. ಎಲ್ಲಾರೂ ಒಮ್ಮಿ ಮಾರಿ ನೋಡ್ಲಿ. ನಾ ಕುಂದ್ರೂ ಜಗಾದಾಗ. ಅಷ್ಟ."

ಆಗ ಅವರಿಗೆ ನಿಯಮವನ್ನು ಪೂರ್ತಿ ಹೇಳಲೇಬೇಕಾಯಿತು. ಸಹಿ ಹಾಕಿದ್ದೀರಿ ಎಂದೂ ಹೇಳಬೇಕಾಯಿತು. ಅವರು ನಕ್ಕರು. ನಗು ಕೆಮ್ಮಾಯಿತು. ಕೆಮ್ಮು ನಿಂತ ಮೇಲೆ, "ನಂದ ತಪ್ಪು. ಗಾಡಿ ಸಹಿ ಮಾಡಿ ಬಿಡೂಕಿಂತ ಮೊದಲ ಬ್ರೇಕ್ ನೋಡ್ಬೇಕಿತ್ತು," ಎಂದರು.

ಅವರ ತಪ್ಪಲ್ಲ ಎಂದು ನಾನು ಆ ಕೋಣೆಯಲ್ಲಿ ಹೇಳಲಿಲ್ಲ. ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ಕೆಳಗೆ ಬಂದು ಇನಾಮದಾರ ಸರ್ ಅವರಿಗೆ ವಿಷಯ ತಿಳಿಸಿದೆ. ನಿಯಮ ತೆಗೆಯಲು ಅವರು ಒಪ್ಪಿದರು. "ಆದ್ರ ಈ ಸಲ ಬುಕ್ ಹಿಡಕೊಂಡು ತಿರಗಬ್ಯಾಡ್ರಿ. ಸ್ವತಃ ಹಾಜರ್ ಅಂತ ಐತಿ. ಖರೇನ ಮೀಟಿಂಗ್ ಆಗ್ಲಿ," ಎಂದರು. ಗಿರಿಜಕ್ಕ ಬೇರೆ ಹೇಳಿದರು. "ತಪ್ಪು ಹಂಗ ಮಾಡಿದ್ರಿ. ಈಗ ಸರಿ ಮಾಡೂದೂ ಹಂಗ ಮಾಡ್ರಿ. ತರ್ರಿ ಬುಕ್ಕು, ನಾ ಮೊದಲ ಸಹಿ ಹಾಕ್ತೀನಿ." ನಾನು ಒಪ್ಪಲಿಲ್ಲ. ಹದಿನೈದು ವರ್ಷ ಸುಳ್ಳು ಬರೆದ ಪುಸ್ತಕದಲ್ಲಿ ಇದೊಂದನ್ನಾದರೂ ನಿಜ ಬರೆಯಬೇಕು ಎಂದುಕೊಂಡೆ. ಮಕ್ತುಮಸಾಬರಿಗೆ ಅದು ಸಲ್ಲಬೇಕಾದ ಗೌರವ ಎಂದೂ ಅನ್ನಿಸಿತ್ತು. ಇದರ ಬಗ್ಗೆ ನಾನು ಬಹಳ ಯೋಚಿಸಿದ್ದೇನೆ.

ಎರಡು ವಾರದ ನೋಟಿಸು ಕೊಟ್ಟೆವು. ಗ್ರೂಪಿನಲ್ಲಿ ಮೂವತ್ತೆಂಟು ಹೆಬ್ಬೆರಳು ಬಂದವು. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಕೆಳಗೆ ಐವತ್ತು ಕುರ್ಚಿ ಹಾಕಿಸಿದೆ. ಬಂದವರು ಹತ್ತೊಂಬತ್ತು ಮಂದಿ. ಸಭೆ ಮುಂದಿನ ಭಾನುವಾರಕ್ಕೆ ಹೋಯಿತು. ಆ ವಾರವಿಡೀ ನಾನು ಪ್ರತಿ ಮನೆಗೆ ಹೋಗಿ ವಿಷಯ ತಿಳಿಸಿದೆ. ಮೊದಲ ಸಲ ಪುಸ್ತಕವಿಲ್ಲದೆ ಹೋದೆ. ಎಲ್ಲರೂ ಮರುಗಿದರು. ನಲವತ್ತೆಂಟು ಮನೆಗಳಲ್ಲಿ ಆ ನಿಯಮ ಇರಲಿ ಎಂದವರು ಒಬ್ಬರೂ ಇರಲಿಲ್ಲ. ಬರೆದುಕೊಟ್ಟ ವಕೀಲರೇ, "ಅವತ್ತು ಸಿಟ್ಟಿನ್ಯಾಗ ಇದ್ದೆ ರಿ. ನಾ ಬರ್ತೀನಿ, ಕೈ ಎತ್ತತೀನಿ," ಎಂದರು. ಅವರು ಬಂದರು ಕೂಡ.

ಎರಡನೇ ಭಾನುವಾರ ಮಕ್ತುಮಸಾಬರೂ ಬಂದರು. ಮನೆ ಅವರ ಹೆಸರಿನಲ್ಲಿದ್ದುದರಿಂದ ಅವರೂ ಒಂದು ತಲೆ. ರಿಯಾಜ ಅವರನ್ನು ಕುರ್ಚಿಯಲ್ಲಿ ಕೂಡಿಸಿ, ಸಿಲಿಂಡರ್ ಸಮೇತ ಲಿಫ್ಟಿನಲ್ಲಿ ಇಳಿಸಿದ. ಅವರು ತಮ್ಮ ಕಂಬದ ಹತ್ತಿರ ಕುಳಿತು ಬಂದವರನ್ನೆಲ್ಲ ಮಾತಾಡಿಸಿದರು. ಒಬ್ಬರನ್ನು ಅವರ ಕುಕ್ಕರಿನ ಸೀಟಿ ಸರಿಯಾಗಿದೆಯೇ ಎಂದು ಕೇಳಿದರು. ಹತ್ತೂವರೆಗೆ ನಾನು ಎಣಿಸಿದೆ: ಇಪ್ಪತ್ತಾರು. ಹನ್ನೊಂದಕ್ಕೆ ಎಣಿಸಿದೆ: ಇಪ್ಪತ್ತೊಂಬತ್ತು. ಮತ್ತೆ ಎಣಿಸಿದೆ. ಇಪ್ಪತ್ತೊಂಬತ್ತೇ.

ಮಕ್ತುಮಸಾಬರು ನನ್ನನ್ನೇ ನೋಡುತ್ತಿದ್ದರು. "ನನ್ನ ಎರಡು ಸಲ ಎಣಸ್ರಿ ಚನ್ನಪ್ಪನವರ. ಅರ್ಧಾ ಇಲ್ಲಿ ಅದೀನಿ, ಅರ್ಧಾ ಅಲ್ಲಿ ಅದೀನಿ," ಎಂದರು. ಮಂದಿ ನಕ್ಕರು.

ನಾನು ಮೇಲೆ ಓಡಿದೆ. ಓಡಿದೆ ಎಂದರೆ, ಅರವತ್ತು ದಾಟಿದವನು ಏರಬಹುದಾದಷ್ಟು ಬೇಗ ಏರಿದೆ. ಬಾಗಿಲುಗಳನ್ನು ಬಡಿದೆ. ಊರಲ್ಲಿಲ್ಲದವರು, ಗೃಹಪ್ರವೇಶಕ್ಕೆ ಹೋದವರು ಕೆಲವರಿದ್ದರು. ಆದರೆ ಐದು ಮನೆಗಳಲ್ಲಿ ಮಾಲೀಕರು ಇದ್ದರು. ಇದನ್ನು ನಾನು ಖಚಿತವಾಗಿ ಹೇಳಬಲ್ಲೆ, ಏಕೆಂದರೆ ಐದು ಮನೆಗಳಲ್ಲೂ ಅವರೇ ಬಾಗಿಲು ತೆರೆದರು ಅಥವಾ ಒಳಗಿನಿಂದ ಮಾತಾಡಿದರು. ಒಬ್ಬರು ತಲೆಗೆ ಎಣ್ಣೆ ಹಚ್ಚಿಕೊಂಡಿದ್ದರು. ಒಬ್ಬರ ಮನೆಗೆ ಬೀಗರು ಬಂದಿದ್ದರು. ಎಲ್ಲರೂ ಹೇಳಿದ್ದು ಹೆಚ್ಚುಕಡಿಮೆ ಒಂದೇ ಮಾತು.

"ನಮ್ದು ಹೂಂ ಅಂತ ಬರ್ಕೊಳ್ರಿ."

"ಬರ್ಕೊಂಡ್ರ ನಡೆಯೂದಿಲ್ರಿ. ನೀವ ಬರ್ಬೇಕು. ಎರಡ ನಿಮಿಷ."

"ಯಾವಾಗ್ಲೂ ನಡದೈತಿ, ಈಗ್ಯಾಕ ನಡೆಯೂದಿಲ್ರಿ? ಬುಕ್ಕು ತರ್ರಿ ಇಲ್ಲೇ, ಹಾಕಿ ಕೊಡ್ತೀನಿ."

ಅವರು ನಿರಾಕರಿಸಲಿಲ್ಲ. ನಾನು ಕಲಿಸಿದ್ದನ್ನು ಹೇಳಿದರು. ನಾನು ವಿವರಿಸುತ್ತ ನಿಂತೆ. ಒಬ್ಬರು ಬಂದೆ ಬಂದೆ ಎಂದು ಬಾಗಿಲು ಹಾಕಿಕೊಂಡರು. ನಾನು ಕೆಳಗೆ ಬರುವಷ್ಟರಲ್ಲಿ ಹನ್ನೊಂದು ನಲವತ್ತು. ಇಬ್ಬರು ಎದ್ದು ಹೋಗಿದ್ದರು. ಇಪ್ಪತ್ತೇಳು ಮಂದಿ ಉಳಿದಿದ್ದರು. ವಕೀಲರು ತಲೆ ತಗ್ಗಿಸಿ, "ನೋಂದಣಿ ಕಚೇರಿಯೊಳಗ ಇದು ನಿಲ್ಲೂದಿಲ್ಲ," ಎಂದರು. ನಾನು ಪುಸ್ತಕ ತೆರೆದು ಬರೆದೆ: "ಅಗತ್ಯ ಸಂಖ್ಯೆಯ ಸದಸ್ಯರು ಹಾಜರಿಲ್ಲದ ಕಾರಣ ಯಾವ ತೀರ್ಮಾನವನ್ನೂ ಕೈಗೊಳ್ಳಲಾಗಲಿಲ್ಲ." ಆ ಪುಸ್ತಕದಲ್ಲಿ ನಾನು ಬರೆದ ನಿಜವಾದ ನಡಾವಳಿ ಅದೊಂದೇ.

ಗುರುವಾರ ಬೆಳಿಗ್ಗೆ ರಿಯಾಜ ಬಂದ. ತಂದೆಯನ್ನು ಹಳೇ ಹುಬ್ಬಳ್ಳಿಯ ಚಿಕ್ಕಪ್ಪನ ಮನೆಗೆ ಒಯ್ಯುವುದಾಗಿ ಹೇಳಿದ. ಅದು ನೆಲದ ಮೇಲಿನ ಮನೆ, ಬಾಗಿಲ ಮುಂದೆ ಓಣಿ.

"ಇನ್ನೊಂದ್ ಮೀಟಿಂಗ್ ಕರೀತೀನಿ ರಿಯಾಜ. ಹದಿನೈದ ದಿನ."

"ಅಬ್ಬಾಗ ಹದಿನೈದ ದಿನ ಇಲ್ರಿ, ಕಾಕಾ." ಅವನ ದನಿಯಲ್ಲಿ ಸಿಟ್ಟಿರಲಿಲ್ಲ. "ಅವ್ರ ಹೇಳಿದ್ರು, ಚನ್ನಪ್ಪನವರಿಗೆ ತ್ರಾಸ ಕೊಡಬ್ಯಾಡ ಅಂತ. ನಾಳೆ ಗೇಟಿನ್ಯಾಗ ನಿಂತು ಇಲ್ಲ ಅನ್ನಾಂವ ನೀವ ಅಲ್ರಿ?"

ಆಗ ನಾನು ಹೇಳಬಹುದಾಗಿತ್ತು: ಅನ್ನುವುದಿಲ್ಲ, ಇಲ್ಲೇ ಇರಿಸು, ಆಮೇಲೆ ಏನಾದರೂ ಆಗಲಿ, ನನ್ನ ಕೆಲಸ ಹೋಗಲಿ. ನಿವೃತ್ತಿಗೆ ಎರಡು ತಿಂಗಳು ಮಾತ್ರ ಇತ್ತು. ಯಾರೂ ನನ್ನನ್ನು ತಡೆಯುತ್ತಿರಲಿಲ್ಲ ಎಂದು ಈಗ ಗೊತ್ತು. ಆಗಲೂ ಗೊತ್ತಿತ್ತು ಎಂದು ಕಾಣುತ್ತದೆ. ನಾನು ಹೇಳಿದ್ದು, "ಲಿಫ್ಟ್ ಹಿಡದ ನಿಲ್ಲಸ್ತೀನಿ, ಎಷ್ಟೊತ್ತಿಗೆ?" ಎಂದು.

ಮಕ್ತುಮಸಾಬರನ್ನು ಕುರ್ಚಿಯಲ್ಲಿ ಇಳಿಸಿದರು. ಜೀವಂತ ಇದ್ದವರಿಗೆ ಲಿಫ್ಟಿನ ಅಡ್ಡಿ ಇರಲಿಲ್ಲ. ಗಿರಿಜಕ್ಕ ಕೆಳಗೆ ಬಂದು ನಿಂತಿದ್ದರು. ಸಾಬರು ವ್ಯಾನಿಗೆ ಏರುವ ಮೊದಲು ನನ್ನ ಕೈ ಹಿಡಿದುಕೊಂಡರು. "ಜಗಾ ಖಾಲಿ ಆತು. ಒಂದ್ ಸ್ಕೂಟರ್ ಹಿಡಿಸ್ತದ," ಎಂದರು. ನನ್ನನ್ನು ನಗಿಸಲು ಹೇಳಿದ್ದು. ವ್ಯಾನು ಹೋದ ಮೇಲೆ ಗಿರಿಜಕ್ಕ ನನ್ನ ಕಡೆ ತಿರುಗಿ, "ಸಾಯಾಕ ಮನಿ ಬಿಟ್ಟ ಹೋಗ್ಬೇಕಾತ ನೋಡ್ರಿ, ಮನಷಾ," ಎಂದು ಮೆಟ್ಟಿಲು ಹತ್ತಿದರು. ಲಿಫ್ಟು ಅಲ್ಲೇ ಬಾಗಿಲು ತೆರೆದು ನಿಂತಿತ್ತು.

ಹೊಸಬರಿಗೆ ನಾನು ಹೇಳಬೇಕಾದದ್ದು ಇಲ್ಲಿಗೆ ಮುಗಿಯಬೇಕು. ಯಾರೂ ಬಾರದ ಸಭೆಯಲ್ಲಿ ನಿಯಮ ಮಾಡುವುದು ಬಹಳ ಸುಲಭ. ಅದನ್ನು ಅಳಿಸಲು ಮಾತ್ರ ಎಲ್ಲರೂ ಬರಬೇಕಾಗುತ್ತದೆ, ಬಾರದಿರುವುದನ್ನು ಅಷ್ಟರಲ್ಲಿ ನೀವೇ ಅವರಿಗೆ ರೂಢಿ ಮಾಡಿಸಿರುತ್ತೀರಿ. ಇದರಿಂದ ನಿಮಗೆ ಉಪಯೋಗವಾಗುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ. ಬಹುಶಃ ಇಲ್ಲ. ನನ್ನಿಂದ ರಬ್ಬರ್ ಹಾಕುವುದನ್ನು ಕಲಿತವರು ಈಗಲೂ ಹಾಕುತ್ತಿದ್ದಾರೆ. ಆ ನಿಯಮವೂ ಇನ್ನೂ ಇದೆ.

ಆ ಮನೆಗೆ ಹೋದ ಹನ್ನೆರಡನೇ ದಿನ ಮಕ್ತುಮಸಾಬರು ತೀರಿಕೊಂಡರು. ನಾನು ಬಸ್ಸಿನಲ್ಲಿ ಹಳೇ ಹುಬ್ಬಳ್ಳಿಗೆ ಹೋದೆ. ಓಣಿಯ ಈ ಗೋಡೆಯಿಂದ ಆ ಗೋಡೆಗೆ ಬಟ್ಟೆ ಕಟ್ಟಿ ನೆರಳು ಮಾಡಿದ್ದರು. ಸೈಕಲ್ಲೂ ಹೋಗುವಂತಿರಲಿಲ್ಲ. ತರಕಾರಿ ಗಾಡಿಯವನು ತಾನಾಗಿ ಹಿಂದೆ ಸರಿದು ಬೇರೆ ಓಣಿಗೆ ಹೋದ. ಒಳಗೆ ಹೋಗಿ ಮುಖ ನೋಡಿದೆ. ಹೊರಗೆ ಬಂದು ಗೋಡೆಗೆ ಒರಗಿ ನಿಂತೆ.

ಆಗ ನಮ್ಮ ಕಟ್ಟಡದವರು ಬರತೊಡಗಿದರು. ಗಿರಿಜಕ್ಕ ಮೊದಲೇ ಬಂದಿದ್ದರು. ವಕೀಲರು ಕೋರ್ಟು ಬಿಟ್ಟು ಕಪ್ಪು ಕೋಟಿನಲ್ಲೇ ಬಂದರು. ತಲೆಗೆ ಎಣ್ಣೆ ಹಚ್ಚಿಕೊಂಡಿದ್ದವರು ಬಂದರು. ಬೀಗರ ನೆಪ ಹೇಳಿದವರು ಬಂದರು. ಬಂದೆ ಬಂದೆ ಎಂದು ಬಾಗಿಲು ಹಾಕಿಕೊಂಡವರು ಹೆಂಡತಿಯೊಡನೆ ಬಂದು ರಿಯಾಜನ ಹೆಗಲು ಹಿಡಿದು ಅತ್ತರು. ಕೆಲಸದ ದಿನ, ಮಧ್ಯಾಹ್ನ ಹನ್ನೆರಡರ ಬಿಸಿಲು, ಏಳೆಂಟು ಕಿಲೋಮೀಟರ್ ದೂರ. ಆದರೂ ಬಂದರು. ಅವರ ದುಃಖ ಸುಳ್ಳಾಗಿರಲಿಲ್ಲ, ಅದನ್ನು ನಾನು ಸಾಕ್ಷಿಯಾಗಿ ಹೇಳುತ್ತೇನೆ.

ಇನಾಮದಾರ ಸರ್ ನನ್ನ ಪಕ್ಕ ಬಂದು ನಿಂತರು. ನನ್ನ ತುಟಿ ಅಲುಗುತ್ತಿರುವುದನ್ನು ನೋಡಿ, ನಾನು ಏನೋ ಪ್ರಾರ್ಥನೆ ಹೇಳುತ್ತಿದ್ದೇನೆ ಎಂದುಕೊಂಡರು. ಸ್ವಲ್ಪ ಹೊತ್ತಿನ ಮೇಲೆ ಅವರಿಗೆ ತಿಳಿಯಿತು.

"ಎಷ್ಟು?" ಎಂದು ಮೆಲ್ಲಗೆ ಕೇಳಿದರು.

ಮನೆಗೆ ಒಬ್ಬರಂತೆ ಎಣಿಸಿದ್ದೆ. ಬರೀ ಮಾಲೀಕರನ್ನು. ಮಕ್ತುಮಸಾಬರನ್ನು ಸೇರಿಸಿರಲಿಲ್ಲ.

"ಮೂವತ್ನಾಕು, ಸರ್," ಎಂದೆ.